ಗಣಕಯಂತ್ರದ ಬಾಗಿಲುಗಳು

ರಾಯಚೂರು ನಗರದಿಂದ ಉತ್ತರಕ್ಕೆ, ಕೃಷ್ಣಾನದಿಯ ದಂಡೆಯ ಮೇಲೆ, ದೇವಸೂಗೂರಿನ ಮಗ್ಗುಲಲ್ಲಿ ನೆಲೆಗೊಂಡಿರುವ ಶಕ್ತಿನಗರದ ಹೆಸರನ್ನು ಕೇಳದ ಕನ್ನಡಿಗರು ವಿರಳ. 1985ರಲ್ಲಿ 210 ಮೆಗಾವ್ಯಾಟ್ ಸಾಮರ್ಥ್ಯದ ಒಂದೇ ಒಂದು ಘಟಕದಿಂದ ಕಾರ್ಯಾರಂಭ ಮಾಡಿದ ಇಲ್ಲಿನ ಶಾಖೋತ್ಪನ್ನ ವಿದ್ಯುತ್ ಕೇಂದ್ರವು ಕಾಲಕ್ರಮದಲ್ಲಿ ಎಂಟು ಘಟಕಗಳಾಗಿ ಬೆಳೆದು 1720 ಮೆಗಾವ್ಯಾಟ್ ಸಾಮರ್ಥ್ಯವನ್ನು ಪಡೆಯಿತು. ದಾರಿಹೋಕರ ಕಣ್ಣಿಗೆ ಬೀಳುವುದು ಮುಗಿಲಿಗೆ ಚಾಚಿದ ಹೊಗೆಕೊಳವೆಗಳು ಮತ್ತು ಕಲ್ಲಿದ್ದಲನ್ನು ಹೊತ್ತು ಬರುವ ರೈಲುಬಂಡಿಗಳು. ಆದರೆ ಇಂಥ ಯಾವುದೇ ಕೇಂದ್ರದ ಜೀವಾಳವಿರುವುದು ಅದರ ನಿಯಂತ್ರಣ ಕೊಠಡಿಯಲ್ಲಿ. ಕುಲುಮೆಯ ಉರಿಯನ್ನಾಗಲಿ ಚಕ್ರದ ತಿರುಗಾಟವನ್ನಾಗಲಿ ಕಣ್ಣಾರೆ ಕಾಣದೆಯೇ, ಮಾಪಕಗಳ ಮೇಲೆ ದೃಷ್ಟಿಯಿಟ್ಟು ಕುಳಿತ ಕೆಲವರು ಉಗಿಯ ಒತ್ತಡವೆಷ್ಟು, ವಿದ್ಯುತ್ತಿನ ಆವರ್ತನವು ಸೆಕೆಂಡಿಗೆ 50ರ ಆಸುಪಾಸಿನಲ್ಲಿದೆಯೇ ಎಂಬುದನ್ನು ಕ್ಷಣಕ್ಷಣಕ್ಕೂ ಅರಿಯುತ್ತಾರೆ. ಮಾಪಕವಿಲ್ಲದ ಸ್ಥಾವರವೆಂದರೆ ಕಣ್ಣು ಕಟ್ಟಿಕೊಂಡು ಹೂಡಿದ ಬಂಡಿಯೇ ಸರಿ.

ರಾಯಚೂರಿಗೆ ವಿದ್ಯುತ್ತಿನ ಚರಿತ್ರೆಯಲ್ಲಿ ಮತ್ತೊಂದು ಸ್ಥಾನವೂ ಉಂಟು. 2012ನೆಯ ಇಸವಿಯ ಜುಲೈ 30 ಮತ್ತು 31ರಂದು ಉತ್ತರ ಭಾರತದ ವಿದ್ಯುತ್ ಜಾಲವು ಕುಸಿದು, ಎರಡನೆಯ ದಿನ ಪೂರ್ವ ಹಾಗೂ ಈಶಾನ್ಯ ಜಾಲಗಳನ್ನೂ ತನ್ನೊಡನೆ ಎಳೆದುಕೊಂಡು ಬಿದ್ದಾಗ, ದಕ್ಷಿಣದ ರಾಜ್ಯಗಳು ಆ ಕತ್ತಲೆಯಿಂದ ಪಾರಾದವು. ಕಾರಣ ಸರಳ: ಅಂದು ದಕ್ಷಿಣದ ಜಾಲವು ಉಳಿದವುಗಳೊಡನೆ ಒಂದೇ ತಾಳಕ್ಕೆ ಬೆಸೆದುಕೊಂಡಿರಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು ಮತ್ತು ಸೊಲ್ಲಾಪುರಗಳ ನಡುವಣ 765 ಕಿಲೋವೋಲ್ಟ್ ಮಾರ್ಗವು ಆ ಬೆಸುಗೆಯನ್ನು ಸಾಧಿಸಿತು. ದೇಶಕ್ಕೆಲ್ಲ ಒಂದೇ ಜಾಲ, ಒಂದೇ ಆವರ್ತನವೆಂಬ ಸ್ಥಿತಿ ಅಂದಿನಿಂದ ಒದಗಿತು. ಒಂದೆಡೆಯ ಕೊರತೆಯನ್ನು ಮತ್ತೊಂದೆಡೆಯ ಹೆಚ್ಚಳವು ತುಂಬುವ ಲಾಭ ಈ ಜೋಡಣೆಯಿಂದ ದೊರೆಯಿತಲ್ಲದೆ, ಒಂದೆಡೆಯ ತೊಂದರೆಯು ಇನ್ನೊಂದೆಡೆಗೆ ಹರಿಯುವ ದಾರಿಯೂ ಅದರಿಂದಲೇ ತೆರೆಯಿತು. ಜೋಡಣೆಯ ಗುಣವೇ ಅದು.

ಗಣಕಯಂತ್ರಗಳ ವಿಷಯದಲ್ಲಿಯೂ ಇದೇ ಮಾತು ಅನ್ವಯಿಸುತ್ತದೆ. 1986ರಲ್ಲಿ ಭಾರತದ ವಿದ್ಯಾಸಂಸ್ಥೆಗಳಿಗಾಗಿ ಅರ್ನೆಟ್ ಎಂಬ ಜಾಲಯೋಜನೆ ಆರಂಭವಾದಾಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಅದರಲ್ಲಿ ಭಾಗಿಯಾಗಿತ್ತು; 1995ರ ಆಗಸ್ಟ್ 15ರಂದು ಅಂತರಜಾಲವು ಸಾರ್ವಜನಿಕರಿಗೂ ಲಭ್ಯವಾಯಿತು. ಈಗ ಪರೀಕ್ಷೆಯ ಅರ್ಜಿಯಿಂದ ಹಿಡಿದು ಜಮೀನಿನ ಪಹಣಿಯವರೆಗೆ ಜಾಲವನ್ನು ಮುಟ್ಟದ ವ್ಯವಹಾರವೇ ಅಪರೂಪ. ಆದರೂ ತನ್ನ ಮುಂದಿರುವ ಯಂತ್ರವು ಈ ಕ್ಷಣದಲ್ಲಿ ಯಾರೊಡನೆ ಮಾತನಾಡುತ್ತಿದೆ, ಯಾರಿಗಾಗಿ ಬಾಗಿಲು ತೆರೆದು ಕಾದಿದೆ ಎಂಬುದನ್ನು ಬಲ್ಲ ಬಳಕೆದಾರರು ಬಲು ಕಡಮೆ. ಹಾಗೆ ಬಲ್ಲವರಾಗಲು ದುಬಾರಿಯ ಸಲಕರಣೆಯೇನೂ ಬೇಕಿಲ್ಲ. ಮಾಪಕವು ಯಂತ್ರದೊಳಗೇ ಇದೆ. ಅದನ್ನು ಓದುವ ಅಭ್ಯಾಸವೊಂದೇ ಬೇಕು.

ಆ ಮಾಪಕದ ಹೆಸರು ನೆಟ್‌ಸ್ಟ್ಯಾಟ್. ಜಾಲದ ಸ್ಥಿತಿಗತಿ ಎಂಬುದೇ ಈ ಕಿರುನಾಮದ ಅರ್ಥ. ಅಮೆರಿಕದ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಸಿದ್ಧವಾಗಿ 1983ರಲ್ಲಿ ಹೊರಬಂದ ಯುನಿಕ್ಸ್ ಆವೃತ್ತಿಯೊಂದರಲ್ಲಿ ಇದು ಕಾಣಿಸಿಕೊಂಡಿತು. ಅದೇ ವರ್ಷದ ಜನವರಿ 1ರಂದು ಆರ್ಪಾನೆಟ್ ಎಂಬ ಅಂದಿನ ಮೂಲಜಾಲವು ಇಂದಿಗೂ ಬಳಕೆಯಲ್ಲಿರುವ ಟಿಸಿಪಿ-ಐಪಿ ನಿಯಮಗಳಿಗೆ ಬದಲಾಗಿತ್ತೆಂಬುದನ್ನು ನೆನೆದರೆ, ಜಾಲವೂ ಅದನ್ನು ಅಳೆಯುವ ಕೋಲೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ರೂಪುಗೊಂಡುವೆನ್ನಬಹುದು. ನಲವತ್ತು ವರ್ಷಗಳಾಚೆಗೂ ಈ ಆಜ್ಞೆಯು ವಿಂಡೋಸ್ ಯಂತ್ರಗಳಲ್ಲಿ ಹಾಗೆಯೇ ಉಳಿದಿದೆ.

ಆಜ್ಞೆ ಎಂಬ ಶಬ್ದಕ್ಕೆ ಇಲ್ಲಿ ವಿಶೇಷಾರ್ಥವಿದೆ. ಚಿತ್ರಗಳನ್ನು ಒತ್ತಿ ಕೆಲಸ ಮಾಡಿಸುವುದಕ್ಕೆ ಮುಂಚೆ ಗಣಕಯಂತ್ರಕ್ಕೆ ಅಕ್ಷರಗಳಲ್ಲಿಯೇ ಅಪ್ಪಣೆ ಕೊಡುವ ಪದ್ಧತಿಯಿತ್ತು. ಅದು ಇಂದಿಗೂ ಮರೆಯಲ್ಲಿ ಜೀವಂತವಾಗಿದೆ. ವಿಂಡೋಸ್ ಕೀಲಿಯನ್ನೂ ಆರ್ ಕೀಲಿಯನ್ನೂ ಒಟ್ಟಿಗೆ ಒತ್ತಿ, ಬರುವ ಪುಟ್ಟ ಪೆಟ್ಟಿಗೆಯಲ್ಲಿ ಸಿ, ಎಂ, ಡಿ ಎಂಬ ಮೂರು ಆಂಗ್ಲಾಕ್ಷರಗಳನ್ನು ಬರೆದು ಎಂಟರ್ ಕೀಲಿಯನ್ನೊತ್ತಿದರೆ ಕಪ್ಪು ಹಲಗೆಯಂಥ ಕಿಟಕಿಯೊಂದು ತೆರೆಯುತ್ತದೆ. ಅದರಲ್ಲಿ ಎನ್, ಇ, ಟಿ, ಎಸ್, ಟಿ, ಎ, ಟಿ ಎಂಬ ಏಳು ಅಕ್ಷರಗಳನ್ನು ಬರೆದು, ಒಂದು ತೆರಪು ಬಿಟ್ಟು, ಸಣ್ಣ ಅಡ್ಡಗೆರೆಯ ಬೆನ್ನಿಗೆ ಎ, ಎನ್, ಒ ಎಂಬ ಮೂರು ಅಕ್ಷರಗಳನ್ನು ಕೂಡಿಸಿ ಬರೆದು ಎಂಟರ್ ಒತ್ತಬೇಕು. ಎ ಎಂದರೆ ಎಲ್ಲವನ್ನೂ ತೋರಿಸು. ಎನ್ ಎಂದರೆ ಹೆಸರುಗಳ ಬದಲು ಅಂಕೆಗಳಲ್ಲಿ ತೋರಿಸು. ಒ ಎಂದರೆ ಪ್ರತಿಯೊಂದು ಸಾಲಿಗೂ ಯಾವ ಕಾರ್ಯಕ್ರಮ ಹೊಣೆಯೆಂಬುದರ ಗುರುತಿನ ಸಂಖ್ಯೆಯನ್ನು ಹೇಳು. ಎನ್ ಅಕ್ಷರವನ್ನು ಬಿಟ್ಟರೆ ಯಂತ್ರವು ಪ್ರತಿ ವಿಳಾಸಕ್ಕೂ ಹೆಸರು ಹುಡುಕಲು ಹೊರಡುತ್ತದೆ. ಜಾಲವೇ ಕೆಟ್ಟಿರುವಾಗ ಆ ಹುಡುಕಾಟ ಮುಗಿಯದೆ, ಆಜ್ಞೆಯೇ ನಿಂತುಹೋಯಿತೆಂಬ ಭ್ರಮೆ ಉಂಟಾಗುತ್ತದೆ. ಹೊಸಬರು ಮೊದಲ ದಿನವೇ ಬೇಸರಪಟ್ಟು ಕೈಬಿಡುವುದಕ್ಕೆ ಈ ಒಂದು ಅಕ್ಷರದ ಲೋಪವೇ ಎಷ್ಟೋ ಸಲ ಕಾರಣವಾಗುತ್ತದೆ.

ಆಗ ಪರದೆಯ ಮೇಲೆ ಹರಿದುಬರುವ ಸಾಲುಗಳು ಮೊದಲ ನೋಟಕ್ಕೆ ಗಾಬರಿ ಹುಟ್ಟಿಸುವಂತಿದ್ದರೂ ಅವುಗಳ ರಚನೆ ಸುಲಭವಾದುದು. ಇದನ್ನು ಗ್ರಹಿಸಲು ನಮ್ಮ ಸೀಮೆಯ ಹಳೆಯ ವಾಡೆಯೊಂದನ್ನು ಕಲ್ಪಿಸಿಕೊಳ್ಳಬಹುದು. ವಾಡೆಗೆ ಊರಿನಲ್ಲಿ ಒಂದು ವಿಳಾಸವಿರುವಂತೆ ಜಾಲದಲ್ಲಿ ಪ್ರತಿ ಯಂತ್ರಕ್ಕೂ ಒಂದು ವಿಳಾಸವಿರುತ್ತದೆ. ಚುಕ್ಕೆಗಳಿಂದ ಬೇರ್ಪಟ್ಟ ನಾಲ್ಕು ಸಂಖ್ಯೆಗಳು, ಒಂದೊಂದೂ 0ಯಿಂದ 255ರವರೆಗೆ, ಉದಾಹರಣೆಗೆ 192.168.1.15. (ಇದಕ್ಕಿಂತ ಉದ್ದವಾದ ಹೊಸ ಬಗೆಯ ವಿಳಾಸಗಳೂ ಇವೆ, ಅವುಗಳ ಗೊಡವೆ ಇಲ್ಲಿ ಬೇಡ.) ಆದರೆ ವಾಡೆಗೆ ಒಂದೇ ಬಾಗಿಲಿರುವುದಿಲ್ಲ. ಮಹಾದ್ವಾರ ಬೇರೆ, ದನದ ಹಕ್ಕಿಯ ಬಾಗಿಲು ಬೇರೆ, ಹಿತ್ತಲ ಬಾಗಿಲು ಬೇರೆ. ಗಣಕಯಂತ್ರದಲ್ಲಿ ಇಂಥ ಬಾಗಿಲುಗಳಿಗೆ ಪೋರ್ಟ್ ಎಂದು ಹೆಸರು. ಅವುಗಳ ಸಂಖ್ಯೆ 0ಯಿಂದ 65535ರವರೆಗೆ. ಕೆಲವು ಬಾಗಿಲುಗಳ ಕೆಲಸ ಲೋಕಕ್ಕೆಲ್ಲ ಗೊತ್ತು: 80 ಮತ್ತು 443 ಜಾಲಪುಟಗಳಿಗೆ, 25 ಮಿಂಚಂಚೆಯ ಸಾಗಣೆಗೆ, 53 ಹೆಸರುಗಳ ವಿಳಾಸವನ್ನು ಹುಡುಕುವುದಕ್ಕೆ, 445 ಕಡತಗಳನ್ನು ಹಂಚಿಕೊಳ್ಳುವುದಕ್ಕೆ, 3389 ದೂರದಲ್ಲಿ ಕುಳಿತು ವಿಂಡೋಸ್ ಯಂತ್ರವನ್ನು ನಡೆಸುವುದಕ್ಕೆ. ನೆಟ್‌ಸ್ಟ್ಯಾಟ್ ತೋರುವ ಸಾಲಿನಲ್ಲಿ ವಿಳಾಸದ ಮುಂದೆ ಎರಡು ಚುಕ್ಕೆಗಳನ್ನಿಟ್ಟು ಬರೆದ ಸಂಖ್ಯೆಯೇ ಬಾಗಿಲಿನದು.

ಸಾಲಿನಲ್ಲಿ ಐದು ಅಂಕಣಗಳಿರುತ್ತವೆ. ಮೊದಲನೆಯದು ಸಾಗಣೆಯ ಬಗೆ: ಟಿಸಿಪಿ ಅಥವಾ ಯುಡಿಪಿ. ಟಿಸಿಪಿಯು ಮುಟ್ಟಿತೆಂಬ ಸ್ವೀಕೃತಿಯನ್ನು ಪಡೆದೇ ಮುಂದುವರಿಯುವ ಅಂಚೆ. ಯುಡಿಪಿಯು ಡಬ್ಬಿಗೆ ಹಾಕಿ ಮರೆತುಬಿಡುವ ಕಾರ್ಡು. ಎರಡನೆಯ ಅಂಕಣ ಸ್ವಂತ ವಿಳಾಸ ಮತ್ತು ಬಾಗಿಲು, ಮೂರನೆಯದು ಎದುರಿನವರದು, ನಾಲ್ಕನೆಯದು ಸಂಬಂಧದ ಸ್ಥಿತಿ, ಕೊನೆಯದು ಹೊಣೆಗಾರ ಕಾರ್ಯಕ್ರಮದ ಸಂಖ್ಯೆ. ಸ್ವೀಕೃತಿಯ ಗೋಜಿಲ್ಲದ ಯುಡಿಪಿಗೆ ಸ್ಥಿತಿಯೆಂಬುದಿಲ್ಲವಾದ್ದರಿಂದ ಅಲ್ಲಿ ನಾಲ್ಕನೆಯ ಅಂಕಣ ಬರಿದಾಗಿರುತ್ತದೆ.

ಸ್ಥಿತಿಯನ್ನು ಸೂಚಿಸುವ ಪದಗಳೇ ಈ ಮಾಪಕದ ಮುಳ್ಳು. ಲಿಸನಿಂಗ್ ಎಂದಿದ್ದರೆ ಬಾಗಿಲು ತೆರೆದು ಕಾವಲುಗಾರನೊಬ್ಬ ಅತಿಥಿಗಾಗಿ ಕಿವಿಗೊಟ್ಟು ಕುಳಿತಿದ್ದಾನೆಂದು ತಿಳಿಯಬೇಕು. ಎಸ್ಟ್ಯಾಬ್ಲಿಷ್ಡ್ ಎಂದರೆ ಸಂಭಾಷಣೆ ನಡೆಯುತ್ತಿದೆ. ಸಿನ್-ಸೆಂಟ್ ಎಂದರೆ ಈ ಕಡೆಯವರು ಎದುರು ಮನೆಯ ಬಾಗಿಲನ್ನು ತಟ್ಟಿದ್ದಾರೆ, ಓ ಎಂದವರಿಲ್ಲ. ಈ ಸ್ಥಿತಿಯ ಸಾಲುಗಳು ಹಲವಿದ್ದರೆ ಹೊರದಾರಿ ಎಲ್ಲಿಯೋ ಕಟ್ಟಿದೆ, ಇಲ್ಲವೇ ಯಾವುದೋ ಕಾರ್ಯಕ್ರಮ ಸಿಕ್ಕಸಿಕ್ಕವರ ಬಾಗಿಲನ್ನು ತಟ್ಟುತ್ತಿದೆ. ಎರಡೂ ವಿಚಾರಿಸತಕ್ಕ ಸಂಗತಿಗಳೇ. ಟೈಮ್-ವೇಟ್ ಎಂದರೆ ಮಾತು ಮುಗಿದು ಅತಿಥಿ ಹೊರಟಿದ್ದಾನೆ, ತಡವಾಗಿ ಬರಬಹುದಾದ ಓಲೆಗಾಗಿ ಕಾವಲುಗಾರ ಇನ್ನೂ ಕೆಲ ಹೊತ್ತು ನಿಂತಿದ್ದಾನೆ. ಇದರಿಂದ ಭಯಪಡಬೇಕಾದುದೇನೂ ಇಲ್ಲ. ಕ್ಲೋಸ್-ವೇಟ್ ಹಾಗಲ್ಲ: ಅತಿಥಿ ಹೋಗಿಬರುತ್ತೇನೆಂದು ಹೇಳಿಯಾಯಿತು, ಮನೆಯವರೇ ಅಗುಳಿ ಹಾಕಲು ಮರೆತಿದ್ದಾರೆ. ಇಂಥ ಸಾಲುಗಳು ಹೆಚ್ಚುತ್ತಲೇ ಹೋದರೆ ದೋಷವಿರುವುದು ಜಾಲದಲ್ಲಲ್ಲ, ತನ್ನದೇ ಕಾರ್ಯಕ್ರಮದ ಬರೆವಣಿಗೆಯಲ್ಲಿ.

ತೆರೆದ ಬಾಗಿಲುಗಳೆಲ್ಲ ಒಂದೇ ತೆರನಾದವಲ್ಲವೆಂಬುದನ್ನೂ ಗಮನಿಸಬೇಕು. ಸ್ವಂತ ವಿಳಾಸದ ಅಂಕಣದಲ್ಲಿ 127.0.0.1 ಎಂದಿದ್ದರೆ ಅದು ಪಡಸಾಲೆಗೂ ಅಡಿಗೆಮನೆಗೂ ನಡುವಣ ಒಳಬಾಗಿಲು. ಹೊರಗಿನವರು ಅದನ್ನು ತಟ್ಟಲಾರರು. 0.0.0.0 ಎಂದಿದ್ದರೆ ಬೀದಿಗೆ ತೆರೆದ ಬಾಗಿಲು. ಯಾವ ದಿಕ್ಕಿನಿಂದ ಬಂದವರಿಗೂ ಅಲ್ಲಿ ಉತ್ತರ ಸಿಗುತ್ತದೆ, ನಡುವೆ ಫೈರ್‌ವಾಲ್ ಎಂಬ ತಡೆಗೋಡೆ ಇಲ್ಲದಿದ್ದರೆ. ಆದುದರಿಂದ ಲಿಸನಿಂಗ್ ಮತ್ತು 0.0.0.0 ಎರಡೂ ಒಂದೇ ಸಾಲಿನಲ್ಲಿ ಕಂಡರೆ, ಆ ಬಾಗಿಲು ಯಾರದು, ಯಾತಕ್ಕೆ ಎಂಬ ಪ್ರಶ್ನೆಗೆ ಯಂತ್ರದ ಒಡೆಯನಲ್ಲಿ ಉತ್ತರ ಸಿದ್ಧವಿರಬೇಕು.

ಉತ್ತರವಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಮತ್ತೊಂದು ವಿದ್ಯುತ್ ಸ್ಥಾವರದ ವೃತ್ತಾಂತವೇ ಸಾಕ್ಷಿಯಾಗಿದೆ. ಅಮೆರಿಕದ ಓಹಾಯೊ ರಾಜ್ಯದಲ್ಲಿ ಡೇವಿಸ್-ಬೆಸ್ ಎಂಬ ಪರಮಾಣು ವಿದ್ಯುತ್ ಕೇಂದ್ರವಿದೆ. 2003ರ ಜನವರಿ 25ರಂದು ಸ್ಲ್ಯಾಮರ್ ಎಂಬ ಗಣಕಹುಳು ಜಗತ್ತಿನ ಜಾಲಕ್ಕೆ ಬಿತ್ತು. ಅದರ ಗಾತ್ರ ಕೇವಲ 376 ಬೈಟುಗಳು. ಇಲ್ಲಿನ ಒಂದೆರಡು ವಾಕ್ಯಗಳಷ್ಟೂ ಇಲ್ಲ. ಮೈಕ್ರೋಸಾಫ್ಟ್ ಸಂಸ್ಥೆಯ ದತ್ತಾಂಶ ಭಂಡಾರದ ತಂತ್ರಾಂಶವು ಕಾಯುತ್ತಿದ್ದ ಯುಡಿಪಿ 1434 ಎಂಬ ಒಂದೇ ಬಾಗಿಲಿನಿಂದ ಅದು ಒಳನುಗ್ಗುತ್ತಿತ್ತು. ಆರಂಭದಲ್ಲಿ ಸುಮಾರು ಎಂಟೂವರೆ ಸೆಕೆಂಡಿಗೊಮ್ಮೆ ಇಮ್ಮಡಿಸುತ್ತ, ಹತ್ತು ನಿಮಿಷಗಳೊಳಗೆ, ಆ ದೋಷವಿದ್ದ ಯಂತ್ರಗಳಲ್ಲಿ ಶೇಕಡ 90ಕ್ಕಿಂತ ಹೆಚ್ಚಿನವನ್ನು ಅದು ಆಕ್ರಮಿಸಿತೆಂದು ಸಂಶೋಧಕರು ಲೆಕ್ಕಹಾಕಿದ್ದಾರೆ. ಸೋಂಕು ತಗಲಿದ ಯಂತ್ರಗಳು ಕನಿಷ್ಠ 75,000. ವಿಷಾದದ ಸಂಗತಿಯೆಂದರೆ ದೋಷಕ್ಕೆ ತೇಪೆಯು 2002ರ ಜುಲೈನಲ್ಲಿಯೇ ಬಿಡುಗಡೆಯಾಗಿತ್ತು. ಆ ದತ್ತಾಂಶ ತಂತ್ರಾಂಶದ ಕಿರಿಯ ರೂಪವೊಂದು ಬೇರೆ ಬೇರೆ ಕಾರ್ಯಕ್ರಮಗಳ ಬೆನ್ನಿಗೆ ಅಂಟಿಕೊಂಡು ಬಂದು ನೆಲೆಸುತ್ತಿದ್ದುದರಿಂದ, ತಮ್ಮ ಯಂತ್ರದಲ್ಲಿ ಅಂಥ ಬಾಗಿಲೊಂದಿದೆಯೆಂಬುದೇ ಅನೇಕರಿಗೆ ತಿಳಿದಿರಲಿಲ್ಲ. ತಿಳಿಯದ ಬಾಗಿಲಿಗೆ ಚಿಲಕ ಹಾಕುವವರಾರು?

ಡೇವಿಸ್-ಬೆಸ್ ಕೇಂದ್ರಕ್ಕೆ ತಡೆಗೋಡೆಯೇನೋ ಇತ್ತು. 1434ನೆಯ ಬಾಗಿಲಿಗೆ ಅದು ದಾರಿಯನ್ನೂ ಬಿಟ್ಟಿರಲಿಲ್ಲ. ಆದರೆ ಗುತ್ತಿಗೆದಾರ ಸಂಸ್ಥೆಯೊಂದರ ಜಾಲದಿಂದ ಕೇಂದ್ರದ ಜಾಲಕ್ಕೆ ಗೋಡೆಯನ್ನು ಬಳಸಿಕೊಂಡು ಬರುವ ತಂತಿಯೊಂದಿತ್ತು. ಹುಳುವು ಆ ಹಿತ್ತಲ ದಾರಿಯಿಂದ ಬಂದು, ತೇಪೆ ಹಚ್ಚದ ಯಂತ್ರವೊಂದನ್ನು ಸೇರಿ, ಒಳಜಾಲವನ್ನು ಕಿಕ್ಕಿರಿಸಿತು. ಸ್ಥಾವರದ ಶಾಖ, ತಂಪುನೀರು, ವಿಕಿರಣಗಳ ಸ್ಥಿತಿಯನ್ನು ನಿಯಂತ್ರಣ ಕೊಠಡಿಗೆ ತೋರಿಸುವ ಸುರಕ್ಷಾ ಫಲಕವು 4 ಗಂಟೆ 50 ನಿಮಿಷಗಳ ಕಾಲ ಕುರುಡಾಯಿತು. ಪುಣ್ಯವಶಾತ್ ಬೇರೊಂದು ದುರಸ್ತಿಯ ನಿಮಿತ್ತ ಸ್ಥಾವರವು ಆಗ ಸ್ಥಗಿತವಾಗಿತ್ತು. ಹಳೆಯ ಮಾದರಿಯ ಮಾಪಕಗಳೂ ಕೈಕೊಡಲಿಲ್ಲ. ಅಂದು ಆ ಯಂತ್ರದ ಮುಂದೆ ಯಾರಾದರೊಬ್ಬರು ಮೊದಲೇ ನೆಟ್‌ಸ್ಟ್ಯಾಟ್ ಆಜ್ಞೆಯನ್ನು ಕೊಟ್ಟಿದ್ದರೆ, ಯುಡಿಪಿ ಸಾಲಿನಲ್ಲಿ 0.0.0.0ರ ಮುಂದೆ 1434 ಎಂಬ ಅಂಕೆ ಕಣ್ಣಿಗೆ ಬೀಳುತ್ತಿತ್ತು. ಹಿತ್ತಲ ತಂತಿಯನ್ನು ಅದು ತೋರಿಸುತ್ತಿರಲಿಲ್ಲವೆಂಬುದು ನಿಜ, ಬಾಗಿಲನ್ನಂತೂ ತೋರಿಸುತ್ತಿತ್ತು.

ನಮ್ಮ ದೇಶದಲ್ಲಿಯೂ ಎಚ್ಚರಿಕೆಯ ಗಂಟೆ ಬಾರಿಸದಿಲ್ಲ. ಕೂಡಂಕುಳಂ ಪರಮಾಣು ವಿದ್ಯುತ್ ಕೇಂದ್ರದ ಆಡಳಿತ ವಿಭಾಗದಲ್ಲಿ ಅಂತರಜಾಲಕ್ಕೆ ಜೋಡಿಸಿದ್ದ ಗಣಕಯಂತ್ರವೊಂದಕ್ಕೆ ದುಷ್ಟ ತಂತ್ರಾಂಶ ತಗಲಿದುದನ್ನು 2019ರ ಸೆಪ್ಟೆಂಬರ್ 4ರಂದು ರಾಷ್ಟ್ರೀಯ ಗಣಕ ತುರ್ತು ಸ್ಪಂದನ ತಂಡವು ತಿಳಿಸಿತೆಂದು ಭಾರತೀಯ ಪರಮಾಣು ವಿದ್ಯುತ್ ನಿಗಮವು ಅಕ್ಟೋಬರ್ 30ರಂದು ಪ್ರಕಟಿಸಿತು. ಸ್ಥಾವರವನ್ನು ನಡೆಸುವ ಒಳಜಾಲವು ಬೇರೆಯಾಗಿದ್ದು ಅದಕ್ಕೆ ಬಾಧೆಯಾಗಲಿಲ್ಲವೆಂದೂ ನಿಗಮವು ಹೇಳಿತು. ಆಡಳಿತದ ಜಾಲ ಬೇರೆ, ಸ್ಥಾವರದ ಜಾಲ ಬೇರೆ ಎಂಬ ವಿಂಗಡಣೆಯ ಬೆಲೆಯೇನೆಂಬುದು ಈ ಎರಡು ಪ್ರಸಂಗಗಳನ್ನು ಅಕ್ಕಪಕ್ಕದಲ್ಲಿಟ್ಟಾಗ ಸ್ಪಷ್ಟವಾಗುತ್ತದೆ.

ಸ್ಥಾವರದ ಮಾತು ದೊಡ್ಡದಾಯಿತು. ದೇವದುರ್ಗದ ಅಥವಾ ಮಾನ್ವಿಯ ಶಾಲೆಯೊಂದರ ಗಣಕ ಕೊಠಡಿಯಲ್ಲಿ ಇದರ ಉಪಯೋಗವೇನು? ಅಪರಿಚಿತ ಬಾಗಿಲು ಕಂಡಾಗ ಮಾಡಬೇಕಾದುದು ಅಲ್ಲಿಯೂ ಇದೇ. ಸಾಲಿನ ಕೊನೆಯ ಸಂಖ್ಯೆಯನ್ನು, 4120 ಎಂದಿಟ್ಟುಕೊಳ್ಳೋಣ, ಗುರುತುಮಾಡಿಕೊಂಡು ಟಾಸ್ಕ್‌ಲಿಸ್ಟ್ ಎಂಬ ಇನ್ನೊಂದು ಆಜ್ಞೆಯನ್ನು ಕೊಟ್ಟರೆ ಯಾವ ಸಂಖ್ಯೆ ಯಾವ ಕಾರ್ಯಕ್ರಮದ್ದೆಂಬ ಪಟ್ಟಿ ಬರುತ್ತದೆ. ಹೆಚ್ಚಿನವು ವಿಂಡೋಸ್‌ನ ಸ್ವಂತ ಸೇವೆಗಳೇ ಆಗಿರುವುದರಿಂದ ಹೆಸರು ವಿಚಿತ್ರವಾಗಿದೆಯೆಂಬ ಮಾತ್ರಕ್ಕೆ ಕೊಂದುಹಾಕಲು ಆತುರಪಡಬಾರದು. ಎಂದೋ ಹಾಕಿಸಿ ಮರೆತ ಆಟವಾಗಲಿ, ದೂರನಿಯಂತ್ರಣದ ತಂತ್ರಾಂಶವಾಗಲಿ ಆಗಿದ್ದರೆ ತೆಗೆದುಹಾಕುವುದು ಲೇಸು. ಬೇಕಾದುದೇ ಆಗಿದ್ದು ಹೊರಗಿನವರಿಗೆ ಅದರ ಅಗತ್ಯವಿಲ್ಲದಿದ್ದರೆ ತಡೆಗೋಡೆಯಲ್ಲಿ ಆ ಬಾಗಿಲನ್ನು ಮುಚ್ಚಬಹುದು.

ಇದಕ್ಕಿಂತ ಹೆಚ್ಚಾಗಿ ಶಾಲೆಗಳಲ್ಲಿ ಕೇಳಿಬರುವ ದೂರೆಂದರೆ ‘ನೆಟ್ ಬರುತ್ತಿಲ್ಲ’ ಎಂಬುದು. ಈ ಮೂರು ಮಾತಿಲ್ಲದ ದೂರಿನ ಹಿಂದೆ ಹಲವು ಬೇರೆ ಬೇರೆ ರೋಗಗಳು ಅಡಗಿರುತ್ತವೆ. ವೈದ್ಯನು ನಾಡಿ ಹಿಡಿಯುವಂತೆ ಹತ್ತಿರದಿಂದ ದೂರಕ್ಕೆ ಪರೀಕ್ಷಿಸುತ್ತ ಹೋಗಬೇಕು. ಮೊದಲಿಗೆ ಐಪಿಕಾನ್ಫಿಗ್ ಎಂಬ ಆಜ್ಞೆ. ಅದು ತೋರಿಸುವ ವಿಳಾಸವು 169.254 ಎಂದು ಆರಂಭವಾಗಿದ್ದರೆ ಯಂತ್ರಕ್ಕೆ ವಿಳಾಸ ಕೊಡುವವರೇ ಸಿಗದೆ ಅದು ತನಗೆ ತಾನೇ ಒಂದನ್ನು ಇಟ್ಟುಕೊಂಡಿದೆಯೆಂದರ್ಥ. ತಂತಿಯನ್ನೋ ರೌಟರನ್ನೋ ನೋಡಬೇಕು. ವಿಳಾಸ ಸರಿಯಿದ್ದರೆ ಪಿಂಗ್ ಎಂದು ಬರೆದು ರೌಟರಿನ ವಿಳಾಸವನ್ನು ಕೊಡಬೇಕು. ಜಲಾಂತರ್ಗಾಮಿಗಳು ಶಬ್ದ ಕಳುಹಿಸಿ ಪ್ರತಿಧ್ವನಿಯಿಂದ ದೂರವನ್ನರಿಯುವ ರೀತಿಯನ್ನು ನೆನೆದು ಮೈಕ್ ಮೂಸ್ ಎಂಬ ಅಮೆರಿಕದ ತಂತ್ರಜ್ಞನು 1983ರ ಡಿಸೆಂಬರ್‌ನಲ್ಲಿ ರಚಿಸಿದ ಆಜ್ಞೆಯಿದು. ಹೆಸರು ಆ ಶಬ್ದದ ಅನುಕರಣೆ. ರೌಟರಿನಿಂದ ಪ್ರತಿಧ್ವನಿ ಬಂದರೆ ಮನೆಯೊಳಗಿನ ದಾರಿ ಸರಿಯಿದೆ. ಬಳಿಕ 8.8.8.8ರಂಥ ಹೊರಗಿನ ಅಂಕೆಯ ವಿಳಾಸಕ್ಕೆ ಪಿಂಗ್ ಮಾಡಬೇಕು. ಅದಕ್ಕೆ ಉತ್ತರ ಬಂದು, ಜಾಲತಾಣದ ಹೆಸರು ಕೊಟ್ಟಾಗ ಮಾತ್ರ ಬಾರದಿದ್ದರೆ ಕೆಟ್ಟಿರುವುದು ಜಾಲವಲ್ಲ, ಹೆಸರನ್ನು ಅಂಕೆಗೆ ಬದಲಿಸುವ ಸೇವೆ. ಕೆಲವು ಯಂತ್ರಗಳು ಪಿಂಗ್‌ಗೆ ಬೇಕೆಂದೇ ಉತ್ತರಿಸುವುದಿಲ್ಲವಾದ್ದರಿಂದ ಒಂದೇ ವಿಳಾಸದ ಮೌನವನ್ನು ನಂಬಿ ತೀರ್ಮಾನಿಸಬಾರದು. ಇಷ್ಟನ್ನು ಪರೀಕ್ಷಿಸಿ ದೂರು ಕೊಟ್ಟ ವಿದ್ಯಾರ್ಥಿಯ ಮಾತಿಗೆ ದುರಸ್ತಿಗಾರರು ಕೊಡುವ ಬೆಲೆಯೇ ಬೇರೆ.

ಲಿನಕ್ಸ್ ಬಳಸುವವರಿಗೆ ಒಂದು ಸೂಚನೆ. ಅಲ್ಲಿ ನೆಟ್‌ಸ್ಟ್ಯಾಟ್ ಹಳೆಯ ಕಾಲದ್ದೆನಿಸಿಕೊಂಡು, ಎಸ್‌ಎಸ್ ಎಂಬ ಎರಡಕ್ಷರದ ಆಜ್ಞೆ ಅದರ ಸ್ಥಾನಕ್ಕೆ ಬಂದಿದೆ. ಅದರ ಮುಂದೆ ತೆರಪು ಮತ್ತು ಅಡ್ಡಗೆರೆಯ ಬಳಿಕ ಟಿ, ಯು, ಎಲ್, ಎನ್, ಪಿ ಎಂಬ ಐದು ಅಕ್ಷರಗಳನ್ನು ಬರೆದರೆ ಕಾದಿರುವ ಟಿಸಿಪಿ, ಯುಡಿಪಿ ಬಾಗಿಲುಗಳೂ ಅವುಗಳ ಹೊಣೆಗಾರರ ಹೆಸರುಗಳೂ ಬರುತ್ತವೆ. ಇತರರ ಕಾರ್ಯಕ್ರಮಗಳ ಹೆಸರು ಕಾಣಲು ಆಡಳಿತಗಾರನ ಅಧಿಕಾರ ಬೇಕು.

ಈ ಮಾಪಕಕ್ಕೆ ಮಿತಿಗಳೂ ಇವೆ. ಅದು ತೋರಿಸುವುದು ಆಜ್ಞೆ ಕೊಟ್ಟ ಗಳಿಗೆಯ ಚಿತ್ರವನ್ನು ಮಾತ್ರ. ಅರೆಗಳಿಗೆಯ ಹಿಂದೆ ಬಂದುಹೋದವರ ದಾಖಲೆ ಅದರಲ್ಲಿಲ್ಲ. ಯಂತ್ರದ ಬುಡವನ್ನೇ ಹೊಕ್ಕ ಕೆಲವು ದುಷ್ಟ ತಂತ್ರಾಂಶಗಳು ತಮ್ಮ ಸಾಲುಗಳನ್ನು ಪಟ್ಟಿಯಿಂದ ಮರೆಮಾಡಬಲ್ಲವು. ಕಳ್ಳನು ಕಾವಲುಗಾರನನ್ನೇ ಒಳಗೆಹಾಕಿಕೊಂಡಂತೆ. ಅಂಥಲ್ಲಿ ಬೇರೊಂದು ಯಂತ್ರದಿಂದ ಇದರ ಬಾಗಿಲುಗಳನ್ನು ತಟ್ಟಿ ನೋಡುವ ಸಲಕರಣೆಗಳುಂಟು. ಆದರೆ ನೆಟ್‌ಸ್ಟ್ಯಾಟ್ ಓದುವುದು ಸ್ವಂತ ಮನೆಯ ಬಾಗಿಲುಗಳನ್ನು; ಆ ಸಲಕರಣೆಗಳು ತಟ್ಟುವುದು ಪರರ ಬಾಗಿಲುಗಳನ್ನು. ಒಡೆಯನ ಅಪ್ಪಣೆಯಿಲ್ಲದೆ ಪರರ ಗಣಕಯಂತ್ರವನ್ನು ಪ್ರವೇಶಿಸುವುದು 2000ನೆಯ ಇಸವಿಯ ಮಾಹಿತಿ ತಂತ್ರಜ್ಞಾನ ಅಧಿನಿಯಮದ 43ನೆಯ ಪ್ರಕರಣಕ್ಕೆ ವಿರುದ್ಧವಾದುದು. ದುರುದ್ದೇಶವಿದ್ದರೆ 66ನೆಯ ಪ್ರಕರಣದಂತೆ ಶಿಕ್ಷಾರ್ಹ. ಕುತೂಹಲವುಳ್ಳ ಬಾಲಕರಿಗೆ ಈ ಗೆರೆಯನ್ನು ಉಪಾಧ್ಯಾಯರು ಮೊದಲ ಪಾಠದಲ್ಲಿಯೇ ತೋರಿಸಿಕೊಡುವುದು ಉಚಿತ.

ರೋಗ ಬಂದಾಗ ಮಾತ್ರ ನಾಡಿ ನೋಡುವವನಿಗೆ ಆರೋಗ್ಯದ ನಾಡಿ ಹೇಗಿರುತ್ತದೆಂಬುದು ಗೊತ್ತಿರುವುದಿಲ್ಲ. ಆದುದರಿಂದ ಯಂತ್ರವು ನೆಟ್ಟಗಿರುವ ದಿನವೇ ಆಜ್ಞೆಯ ಕೊನೆಯಲ್ಲಿ ಬಲಕ್ಕೆ ಮೊನೆಮಾಡಿದ ಕೋನದ ಚಿಹ್ನೆಯನ್ನಿಟ್ಟು ಒಂದು ಕಡತದ ಹೆಸರನ್ನು ಬರೆದರೆ ಪಟ್ಟಿಯು ಪರದೆಗೆ ಬರುವ ಬದಲು ಆ ಕಡತದಲ್ಲಿ ಉಳಿಯುತ್ತದೆ. ಕಡತಕ್ಕೆ ಆ ದಿನದ ತಾರೀಖನ್ನೇ ಹೆಸರಾಗಿಟ್ಟರೆ ಅನುಕೂಲ. ಯಂತ್ರವು ಕಾರಣವಿಲ್ಲದೆ ನಿಧಾನಗೊಂಡ ದಿನ ಇನ್ನೊಂದು ಪಟ್ಟಿಯನ್ನು ತೆಗೆದು ಎರಡನ್ನೂ ಅಕ್ಕಪಕ್ಕದಲ್ಲಿಟ್ಟು, ಲಿಸನಿಂಗ್ ಎಂಬ ಸಾಲುಗಳನ್ನಷ್ಟೇ ಮೇಲಿನಿಂದ ಕೆಳಗೆ ಬೆರಳಿಟ್ಟು ಹೋಲಿಸಬೇಕು. ಮೊದಲ ಪಟ್ಟಿಯಲ್ಲಿಲ್ಲದೆ ಎರಡನೆಯದರಲ್ಲಿ ಕಾಣುವ ಬಾಗಿಲಿನಿಂದ ವಿಚಾರಣೆ ಆರಂಭಿಸಿದರಾಯಿತು. ಅದರ ಸಂಖ್ಯೆ 49152ಕ್ಕಿಂತ ಮೇಲಿದ್ದರೆ, ವಿಂಡೋಸ್ ತಾತ್ಕಾಲಿಕ ಉಪಯೋಗಕ್ಕೆಂದು ತಾನೇ ಆರಿಸಿಕೊಂಡ ಬಾಗಿಲಾಗಿರುವ ಸಂಭವವೇ ಹೆಚ್ಚು. ಅದಕ್ಕಿಂತ ಕೆಳಗಿದ್ದರೆ ಟಾಸ್ಕ್‌ಲಿಸ್ಟ್‌ನ ಮೊರೆಹೋಗಬೇಕು.